ವ್ಯಾಯಾಮವೆಂದರೆ ಆಗದ ಒಬ್ಬರು ನಡೆಯತೊಡಗಿದ ಬಗೆ: ಒಂದು ಪ್ರಕರಣ ಅಧ್ಯಯನ

ಮೈಸೂರಿನ ಸರ್ಕಾರಿ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ 47 ವರ್ಷದ ಮಹಿಳೆಯೊಬ್ಬರನ್ನು ಅವರ ವೈದ್ಯರು ಮೊಣಕಾಲು ನೋವಿಗೆಂದು ನನ್ನ ಬಳಿ ಕಳುಹಿಸಿದರು. ಚೀಟಿಯ ಕೊನೆಯಲ್ಲಿ ಇನ್ನೊಂದು ಸಾಲಿತ್ತು: ಎಚ್‌ಬಿಎ1ಸಿ 6.1, ವ್ಯಾಯಾಮ ಶುರು ಮಾಡಬೇಕು. ನಾನು ಫಿಸಿಯೋಥೆರಪಿಸ್ಟ್. ನೋವಿಗಾಗಿ ಬಂದವರಿಗೆ ವ್ಯಾಯಾಮ ಹೇಳಿಕೊಡುವುದೇ ನನ್ನ ದಿನದ ಕೆಲಸ. ಈಕೆ ಮಾತ್ರ ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಟ್ಟರು: "ಮೇಡಂ, ನೋವಿಗೆ ಏನು ಬೇಕಾದರೂ ಮಾಡಿ. ವ್ಯಾಯಾಮ ಮಾತ್ರ ನನ್ನಿಂದ ಆಗುವುದಿಲ್ಲ. ನಾನು ಮೊದಲಿನಿಂದಲೂ ಸೋಮಾರಿ."

ಆ ಕೊನೆಯ ಮಾತನ್ನು ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದು ಅದಕ್ಕಾಗಿಯೇ. ಅವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಬಂದಾಗಿನ ಸ್ಥಿತಿ

ಎಚ್‌ಬಿಎ1ಸಿ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ ಅಂದಾಜನ್ನು ಕೊಡುತ್ತದೆ. 5.7ರಿಂದ 6.4ರ ನಡುವೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿದ್ದಾರೆ ಎಂದರ್ಥ, 6.5 ಮುಟ್ಟಿದರೆ ಅಥವಾ ದಾಟಿದರೆ ಮಧುಮೇಹ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ, ಹೊಸ್ತಿಲಲ್ಲಿ ನಿಂತವರು ಇನ್ನೂ 13.6 ಕೋಟಿ ಇದ್ದಾರೆ ಎಂದು ಅಂದಾಜಿಸಿತು. ಈಕೆ ಆ ಎರಡನೆಯ ಗುಂಪಿನವರು. ಸೊಂಟದ ಸುತ್ತಳತೆ 91 ಸೆಂಟಿಮೀಟರ್ ಇತ್ತು. ಭಾರತೀಯ ಮಹಿಳೆಯರಿಗೆ 80 ದಾಟಿದರೆ ಎಚ್ಚರ ವಹಿಸಬೇಕು. ರಕ್ತದೊತ್ತಡ ಸರಿಯಿತ್ತು, ಎದೆನೋವಿನ ಇತಿಹಾಸವಿರಲಿಲ್ಲ. ಮೊಣಕಾಲಿನಲ್ಲಿ ಸವೆತದ ಆರಂಭ, ತೊಡೆಯ ಮುಂಭಾಗದ ಸ್ನಾಯುಗಳಲ್ಲಿ ಎದ್ದು ಕಾಣುವ ದುರ್ಬಲತೆ. ಕೈಯೂರದೆ ಕುರ್ಚಿಯಿಂದ ಏಳಲು ಅವರಿಗೆ ಆಗುತ್ತಿರಲಿಲ್ಲ.

ಅವರ ದಿನ ಬೆಳಗಿನ ಐದೂವರೆಗೆ ಶುರುವಾಗುತ್ತದೆ. ಹಾಲು, ತಿಂಡಿ, ಮೂರು ಊಟದ ಡಬ್ಬಿ, ಅತ್ತೆಯವರ ಮಾತ್ರೆ, ಒಂಬತ್ತೂವರೆಯ ಸಿಟಿ ಬಸ್. ಕಚೇರಿಯಲ್ಲಿ ಸಂಜೆಯವರೆಗೆ ಕುರ್ಚಿ. ಮನೆಗೆ ಬಂದರೆ ಮತ್ತೆ ಒಲೆಯ ಮುಂದೆ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಗಂಡಸರು 97 ನಿಮಿಷ. ಹೀಗೆ ಐದು ಗಂಟೆ ಮನೆಗೆ, ಏಳು ಗಂಟೆ ಕಚೇರಿಗೆ ಕೊಟ್ಟವರ ಮುಂದೆ ಕುಳಿತು "ಸ್ವಲ್ಪ ಸಮಯ ಮಾಡಿಕೊಳ್ಳಿ" ಎನ್ನುವುದಕ್ಕೆ ನನಗೆ ಮನಸ್ಸಾಗುವುದಿಲ್ಲ. ಅದು ಸಲಹೆಯಲ್ಲ, ಇನ್ನೊಂದು ಹೊರೆ.

"ಇಷ್ಟೆಲ್ಲ ಮನೆಗೆಲಸ ಮಾಡುತ್ತೇನಲ್ಲ, ಅದೇ ವ್ಯಾಯಾಮವಲ್ಲವೇ?" ಎಂದು ಅವರು ಕೇಳಿದರು. ನ್ಯಾಯವಾದ ಪ್ರಶ್ನೆ. ಮನೆಗೆಲಸದಿಂದ ದಣಿವು ಬರುತ್ತದೆ, ಸೊಂಟ ನೋಯುತ್ತದೆ. ಆದರೆ ಅಡುಗೆ ಕಟ್ಟೆಯ ಮುಂದೆ ನಿಂತು ಮಾಡುವ ಕೆಲಸದಲ್ಲಿ ಉಸಿರಿನ ವೇಗ ಹೆಚ್ಚು ಏರುವುದಿಲ್ಲ, ದೊಡ್ಡ ಸ್ನಾಯುಗಳಿಗೆ ಬೇಕಾದಷ್ಟು ಕೆಲಸ ಸಿಗುವುದಿಲ್ಲ. ದಣಿವೇ ಬೇರೆ, ದೇಹ ಗಟ್ಟಿಯಾಗುವುದೇ ಬೇರೆ. ಈ ವ್ಯತ್ಯಾಸವನ್ನು ಯಾರೂ ಅವರಿಗೆ ಹೇಳಿರಲಿಲ್ಲ.

ಆಗದಿರುವುದು ಯಾವುದು?

ವ್ಯಾಯಾಮ ಇಷ್ಟವಿಲ್ಲ ಎನ್ನುವವರನ್ನು ನಾನು ಮೊದಲು ಕೇಳುವುದು ಒಂದೇ: ಅದರಲ್ಲಿ ಯಾವುದು ಇಷ್ಟವಿಲ್ಲ? ಈ ಪ್ರಶ್ನೆಗೆ ಉತ್ತರ ಬಿಡಿಸಿಕೊಳ್ಳಲು ಎರಡು ಭೇಟಿಗಳು ಬೇಕಾದವು.

ಅವರು ಓದಿದ್ದು ಚಾಮರಾಜನಗರದ ಕಡೆಯ ಹಳ್ಳಿಯ ಶಾಲೆಯಲ್ಲಿ. ಮಗ್ಗಿ ತಪ್ಪಿದರೆ ಬಸ್ಕಿ. ತಡವಾಗಿ ಬಂದರೆ ಮೈದಾನಕ್ಕೆ ಸುತ್ತು. ಮನೆಗೆಲಸದ ಲೆಕ್ಕ ಬರೆದು ತರದಿದ್ದರೆ ಮಂಡಿಯೂರಿ ನಿಲ್ಲುವುದು. ಹೈಸ್ಕೂಲಿಗೆ ಬಂದಾಗ ಮೈ ತುಂಬಿಕೊಂಡಿತ್ತು, ಪಿ.ಟಿ. ಅವಧಿಯಲ್ಲಿ ಓಡಿಸಿದರೆ ಗೋಡೆಯ ಬದಿಯ ಹುಡುಗರು ನಗುತ್ತಿದ್ದರು. ಕ್ರೀಡಾಕೂಟದ ದಿನ ಹೊಟ್ಟೆನೋವು ಎಂದು ಮನೆಯಲ್ಲೇ ಉಳಿಯುತ್ತಿದ್ದರಂತೆ. ಇದನ್ನೆಲ್ಲ ಹೇಳುವಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಎಲ್ಲರಿಗೂ ಆಗುವಂಥದ್ದೇ ಎಂಬ ಧಾಟಿಯಿತ್ತು. ನನಗೆ ಸಿಟ್ಟು ಬಂತು. ಹತ್ತು ವರ್ಷಗಳ ಕಾಲ ಮಗುವಿಗೆ ದೇಹದ ಚಲನೆಯನ್ನು ಶಿಕ್ಷೆಯಾಗಿ ಕೊಟ್ಟು, ಮೂವತ್ತು ವರ್ಷಗಳ ನಂತರ ಅದನ್ನೇ ಔಷಧಿ ಎಂದು ಬರೆದುಕೊಟ್ಟರೆ ಗಂಟಲಲ್ಲಿ ಇಳಿಯುವುದು ಹೇಗೆ? ಮಕ್ಕಳಿಗೆ ದೈಹಿಕ ಶಿಕ್ಷೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಅದಕ್ಕೂ ಮೊದಲು ಓದಿ ಬಂದ ತಲೆಮಾರುಗಳ ಮೈಯಲ್ಲಿ ಆ ಬಸ್ಕಿಗಳು ಇನ್ನೂ ಕುಳಿತಿವೆ.

ಎರಡನೆಯ ಸಂಗತಿ ನಾಲ್ಕೈದು ವರ್ಷ ಹಿಂದಿನದು. ಸಹೋದ್ಯೋಗಿಗಳ ಜೊತೆ ಜಿಮ್ ಸೇರಿ ವರ್ಷದ ಶುಲ್ಕವನ್ನು ಮುಂಗಡವಾಗಿ ಕಟ್ಟಿದ್ದರು. ಒಂದು ಗೋಡೆಯಿಡೀ ಕನ್ನಡಿ. ತರಬೇತುದಾರ ಟ್ರೆಡ್‌ಮಿಲ್ ಮೇಲೆ ನಿಲ್ಲಿಸಿ ವೇಗ ಏರಿಸಿದ. ಉಸಿರು ಕಟ್ಟಿ, ವಾಂತಿ ಬಂದಂತಾಗಿ, ಇಳಿಯುತ್ತೇನೆ ಎಂದರೆ "ಇನ್ನೂ ಐದೇ ನಿಮಿಷ, ಬಿಡಬೇಡಿ" ಎಂದ. ಎರಡು ವಾರ ತುಂಬುವ ಮೊದಲೇ ನಿಲ್ಲಿಸಿದರು. ದುಡ್ಡು ದಂಡವಾಯಿತು ಎಂಬ ಮಾತು ಮನೆಯಲ್ಲಿ ಬಹಳ ದಿನ ಓಡಾಡಿತು.

ಹಾಗಾದರೆ ಅವರಿಗೆ ಆಗದಿದ್ದದ್ದು ಏದುಸಿರು, ಇತರರ ಕಣ್ಣು, ಮತ್ತು ಒಬ್ಬರು ಎದುರು ನಿಂತು ಮಾಡಿಸುವುದು. ನಡೆಯುವುದಾಗಲೀ ಕೈಕಾಲು ಆಡಿಸುವುದಾಗಲೀ ಈ ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಹೂವು, ತರಕಾರಿ ಎಂದು ಒಂದೊಂದು ಗಂಟೆ ತಿರುಗುವುದು ಅವರಿಗೆ ಖುಷಿಯ ಕೆಲಸವೇ ಆಗಿತ್ತು.

ಸೊನ್ನೆಯ ಗೆರೆ

ನಮ್ಮ ಕ್ಲಿನಿಕ್ಕಿನ ಉದ್ದನೆಯ ಕಾರಿಡಾರಿನಲ್ಲಿ ಅವರನ್ನು ನಡೆಯಲು ಹೇಳಿದೆ. ಹೇಗೆ ಅನ್ನಿಸುತ್ತಿದೆ ಎಂಬುದನ್ನು ಅಂಕಿಯಲ್ಲಿ ಹೇಳಬೇಕು: ತುಂಬ ಹಿತವೆನಿಸಿದರೆ ಪ್ಲಸ್ 5, ತುಂಬ ಹಿಂಸೆಯೆನಿಸಿದರೆ ಮೈನಸ್ 5, ಎರಡೂ ಅಲ್ಲದಿದ್ದರೆ ಸೊನ್ನೆ. ವ್ಯಾಯಾಮದ ಮನೋವಿಜ್ಞಾನದಲ್ಲಿ 1980ರ ದಶಕದಿಂದ ಬಳಕೆಯಲ್ಲಿರುವ ಅಳತೆಗೋಲಿದು. ಮೊದಲು "ವಾಕಿಂಗ್ ಎಂದರೆ ಹೇಗಿರಬೇಕೆಂದು ನಿಮಗೆ ಅನ್ನಿಸುತ್ತದೋ ಹಾಗೆ ನಡೆಯಿರಿ" ಎಂದೆ. ಅವರು ತುಟಿ ಬಿಗಿದು, ಮುಷ್ಟಿ ಕಟ್ಟಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟರು. ಮೂರನೆಯ ಸುತ್ತಿಗೆ ಮಾತು ತುಂಡಾಯಿತು. ಅಂಕಿ ಮೈನಸ್ 3. ಕೂತು ನೀರು ಕುಡಿದ ಮೇಲೆ ಎರಡನೆಯ ಬಾರಿ, "ಮಾರುಕಟ್ಟೆಗೆ ಬಂದಿದ್ದೀರಿ, ಮನೆಯಲ್ಲಿ ಯಾರೂ ಕಾಯುತ್ತಿಲ್ಲ, ಹಾಗೆ ನಡೆಯಿರಿ" ಎಂದೆ. ಮುಷ್ಟಿ ಬಿಚ್ಚಿತು. ನಡೆಯುತ್ತಲೇ ಅಕ್ಕನ ಮಗಳ ಮದುವೆಯ ವಿಷಯ ತೆಗೆದರು. ಅಂಕಿ ಕೇಳಿದರೆ ಒಂದು ಕ್ಷಣ ಯೋಚಿಸಿ, "ಪ್ಲಸ್ 1 ಇರಬಹುದು" ಎಂದರು.

ಇಲ್ಲಿ ಕೆಲಸ ಮಾಡುವುದು ದೇಹದ ಒಂದು ಸರಳ ನಿಯಮ. ವೇಗ ಏರಿದಂತೆ ಒಂದು ಹಂತದಲ್ಲಿ ಉಸಿರಾಟ ಇದ್ದಕ್ಕಿದ್ದಂತೆ ಹೆಚ್ಚುತ್ತದೆ. ಅದರಾಚೆಗೆ ಹೆಚ್ಚುಕಡಿಮೆ ಎಲ್ಲರಿಗೂ ಹಿಂಸೆಯ ಅನುಭವ ಏರುತ್ತಾ ಹೋಗುತ್ತದೆ. ಅಭ್ಯಾಸವಿರುವವರಿಗೆ ಆ ಹಂತ ಓಟದಲ್ಲಿ ಬರುತ್ತದೆ, ಅಭ್ಯಾಸ ತಪ್ಪಿದವರಿಗೆ ಜೋರು ನಡಿಗೆಯಲ್ಲೇ ಬಂದುಬಿಡಬಹುದು. ಅಂದರೆ ಜಿಮ್‌ನಲ್ಲಿ ಅವರ ಪಕ್ಕದ ಟ್ರೆಡ್‌ಮಿಲ್‌ನವರಿಗೆ ಹಿತವಾಗಿದ್ದ ವೇಗ ಇವರಿಗೆ ನಿಜವಾಗಿಯೂ ಹಿಂಸೆಯಾಗಿತ್ತು. ಮನಸ್ಸಿನ ದೌರ್ಬಲ್ಯವೆಂದು ಅವರು ನಾಲ್ಕೈದು ವರ್ಷ ತಮ್ಮನ್ನು ಹಳಿದುಕೊಂಡದ್ದು ಶ್ವಾಸಕೋಶ ಮತ್ತು ಸ್ನಾಯುಗಳ ಲೆಕ್ಕವಾಗಿತ್ತು. ವ್ಯಾಯಾಮದ ಹೊತ್ತಿನಲ್ಲಿ ಹೇಗೆ ಅನ್ನಿಸಿತು ಎಂಬುದರ ಮೇಲೆ, ಅದನ್ನು ಮುಂದುವರಿಸುತ್ತಾರೋ ಇಲ್ಲವೋ ಎಂಬುದೂ ಬಹುಮಟ್ಟಿಗೆ ನಿಲ್ಲುತ್ತದೆ. ಮುಗಿದ ಮೇಲೆ ಹಾಯೆನಿಸುವುದು ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾಗಿ ಇಬ್ಬರೂ ಸೇರಿ ಒಂದೇ ನಿಯಮ ಮಾಡಿಕೊಂಡೆವು: ಅಂಕಿ ಸೊನ್ನೆಗಿಂತ ಕೆಳಗೆ ಇಳಿಯಬಾರದು. ಇಳಿದರೆ ನಿಧಾನಿಸಬೇಕು, ನಿಲ್ಲಿಸಿದರೂ ಸರಿ. ದೂರ, ನಿಮಿಷ, ಬೆವರು ಯಾವುದರ ಲೆಕ್ಕವನ್ನೂ ಮೊದಲ ತಿಂಗಳು ಕೇಳುವುದಿಲ್ಲ ಎಂದು ಮಾತು ಕೊಟ್ಟೆ.

ಅಕ್ಕನ ಫೋನು

ಹೊಸ ಸಮಯ ಹುಟ್ಟಿಸುವಂತಿರಲಿಲ್ಲ, ಇರುವ ಸಮಯದಲ್ಲೇ ಜಾಗ ಹುಡುಕಬೇಕಿತ್ತು. ದಿನಚರಿಯನ್ನು ಗಂಟೆ ಗಂಟೆಯಾಗಿ ಬರೆಸಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಶಿವಮೊಗ್ಗದಲ್ಲಿರುವ ಅವರ ಅಕ್ಕ ಪ್ರತಿ ಸಂಜೆ ಫೋನ್ ಮಾಡುತ್ತಾರೆ. ಅರ್ಧ ಗಂಟೆಗೆ ಕಡಿಮೆಯಿಲ್ಲದ ಮಾತು. ಇಡೀ ದಿನದಲ್ಲಿ ಅವರದೇ ಎನ್ನಬಹುದಾದ ಹೊತ್ತು ಅದೊಂದೇ. ಅದನ್ನು ಸೋಫಾದ ಮೇಲೆ ಕುಳಿತು ಕಳೆಯುತ್ತಿದ್ದರು.

ಫೋನನ್ನು ರಾತ್ರಿಯ ಊಟದ ನಂತರಕ್ಕೆ ಹಾಕಿಕೊಳ್ಳಿ, ತಾರಸಿಗೆ ಹೋಗಿ ನಡೆಯುತ್ತಾ ಮಾತಾಡಿ ಎಂದೆ. ತಾರಸಿಯಲ್ಲಿ ನೋಡುವವರಿಲ್ಲ. ಮಾಡಿಸುವವರಿಲ್ಲ. ವೇಗವನ್ನು ಮಾತೇ ಕಾಯುತ್ತದೆ: ಹಾಡಲು ಆಗದಿದ್ದರೂ ಸರಾಗವಾಗಿ ಮಾತಾಡಲು ಆಗುವಷ್ಟು ವೇಗವೇ ಮಧ್ಯಮ ಶ್ರಮದ ನಡಿಗೆ, ಇದು ನಮ್ಮ ವೃತ್ತಿಯಲ್ಲಿ ಎಲ್ಲರೂ ಬಳಸುವ ಪರೀಕ್ಷೆ. ಊಟದ ನಂತರ ಎಂದದ್ದಕ್ಕೂ ಕಾರಣವಿದೆ. ಕೆಲಸ ಮಾಡುತ್ತಿರುವ ಸ್ನಾಯು ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳಲು ಇನ್ಸುಲಿನ್‌ಗಾಗಿ ಕಾಯಬೇಕಾಗಿಲ್ಲ. ಇನ್ಸುಲಿನ್‌ಗೆ ಮೈ ಸರಿಯಾಗಿ ಸ್ಪಂದಿಸದವರಲ್ಲೂ ಈ ಬಾಗಿಲು ತೆರೆದಿರುತ್ತದೆ. ಅನ್ನ ಉಂಡು ಸಕ್ಕರೆ ಏರುವ ಹೊತ್ತಿಗೆ ಕಾಲು ಆಡುತ್ತಿದ್ದರೆ ಆ ಏರಿಕೆ ತಗ್ಗುತ್ತದೆ.

ನೀರಿನ ಟ್ಯಾಂಕಿನಿಂದ ಬಟ್ಟೆ ಒಣಹಾಕುವ ತಂತಿಯವರೆಗೆ, ಮತ್ತೆ ಅಲ್ಲಿಂದ ಟ್ಯಾಂಕಿಗೆ. ಮೊದಲ ವಾರ ಹತ್ತು ನಿಮಿಷ ನಡೆದು ಉಳಿದ ಮಾತನ್ನು ಮೆಟ್ಟಿಲ ಮೇಲೆ ಕುಳಿತು ಮುಗಿಸುತ್ತಿದ್ದರು. ಅಕ್ಕನಿಗೆ ವಿಷಯ ಗೊತ್ತಾದ ಮೇಲೆ ಅವರೇ ಮೇಲ್ವಿಚಾರಕರಾದರು. "ಏದುಸಿರು ಬಿಡುತ್ತಿದ್ದೀಯಲ್ಲೇ, ನಿಧಾನ ಮಾಡು" ಎಂದು ಅಲ್ಲಿಂದಲೇ ಹೇಳುತ್ತಿದ್ದರಂತೆ. ತಿಂಗಳೊಳಗೆ ಅಕ್ಕನೂ ತಮ್ಮ ಮನೆಯ ಅಂಗಳದಲ್ಲಿ ನಡೆಯತೊಡಗಿದರು.

ಚಪ್ಪಲಿಯಲ್ಲಿ ನಡೆದು ಹಿಮ್ಮಡಿ ನೋಯಿತು. ಶೂ ಕೊಳ್ಳಲು ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ಸೀರೆಗೆ ಶೂ ಎಂದರೆ ನಾಚಿಕೆ. ಅಕ್ಕ ಮೈಸೂರಿಗೆ ಬಂದಿದ್ದ ಭಾನುವಾರ ಇಬ್ಬರೂ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಹೋಗಿದ್ದಾರೆ. ಏರಿಯ ಮೇಲೆ ಅರವತ್ತು ದಾಟಿದ ಹೆಂಗಸರು ಸೀರೆ, ಸ್ವೆಟರ್, ಶೂ ತೊಟ್ಟು ಸೊಸೆಯಂದಿರ ಸುದ್ದಿ ಮಾತಾಡುತ್ತಾ ಹೋಗುತ್ತಿದ್ದರಂತೆ. ನೀರಿನ ಮೇಲಿನ ಹೆಜ್ಜಾರ್ಲೆಗಳನ್ನು ನೋಡುವವರಿದ್ದರು. ಇವರತ್ತ ಯಾರೂ ತಿರುಗಿ ನೋಡಲಿಲ್ಲ. ಶೂ ಆ ವಾರವೇ ಬಂತು. ನಾನು ಎಷ್ಟು ಹೇಳಿದ್ದರೂ ಅಷ್ಟು ಕೆಲಸ ಆಗುತ್ತಿರಲಿಲ್ಲ.

ಮೂರು ವಿಷಲ್‌ಗಳ ನಡುವೆ

ನಡಿಗೆಯೊಂದರಿಂದ ಮೊಣಕಾಲು ಉಳಿಯುವುದಿಲ್ಲ, ತೊಡೆ ಗಟ್ಟಿಯಾಗಬೇಕು. ಮುಟ್ಟು ನಿಲ್ಲುವ ಆಸುಪಾಸಿನ ವಯಸ್ಸು, ಮೂಳೆ ಬೇಗ ಸವೆಯತೊಡಗುವ ಕಾಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಬಲದ ಅಭ್ಯಾಸವನ್ನೂ ಹೇಳುತ್ತದೆ. ಒಂದೇ ಸಲಕ್ಕೆ ಕನಿಷ್ಠ ಹತ್ತು ನಿಮಿಷ ಮಾಡಿದರೆ ಮಾತ್ರ ಲೆಕ್ಕ ಎಂಬ ಹಳೆಯ ಷರತ್ತನ್ನು ಅದರಲ್ಲಿ ಕೈಬಿಟ್ಟಿದ್ದಾರೆ. ಇಂಥವರ ಪಾಲಿಗೆ ಅದು ದೊಡ್ಡ ಅನುಕೂಲ: ಎರಡು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಆ ಎರಡು ನಿಮಿಷಗಳು ಅಡುಗೆಮನೆಯಲ್ಲಿ ಸಿಕ್ಕವು. ಬೇಳೆಗೆ ಕುಕ್ಕರ್ ಇಟ್ಟ ಮೇಲೆ ಮೂರನೆಯ ವಿಷಲ್‌ವರೆಗೆ ಹೇಗೂ ಅಲ್ಲೇ ಇರಬೇಕು. ಊಟದ ಮೇಜಿನ ಒಂದು ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು ಎದ್ದು ಕೂರುವುದು. ಒಲೆಯಿಂದ ದೂರದ ಅಡುಗೆ ಕಟ್ಟೆಯ ಅಂಚಿಗೆ ಎರಡೂ ಅಂಗೈ ಊರಿ, ಎದೆಯನ್ನು ಕಟ್ಟೆಯ ಹತ್ತಿರ ತಂದು ಹಿಂದಕ್ಕೆ ತಳ್ಳುವುದು. ಮೊದಲು ಕುರ್ಚಿಯ ಮೇಲೆ ಎರಡು ದಿಂಬು ಇಟ್ಟು ಎತ್ತರ ಮಾಡಿದೆವು. ಕೈಯೂರಿ ಏಳುತ್ತಿದ್ದವರು ಒಂದು ಕೈಗೆ ಬಂದರು, ಆಮೇಲೆ ಕೈಯಿಲ್ಲದೆ, ಆಮೇಲೆ ಒಂದೊಂದೇ ದಿಂಬು ತೆಗೆದರು. ನೋವಿನ ವಿಷಯದಲ್ಲಿ ಒಂದು ಕಟ್ಟಳೆಯಿತ್ತು: ಮಾಡುವಾಗ ಸ್ವಲ್ಪ ನೋವಾದರೆ ಪರವಾಗಿಲ್ಲ, ಮರುದಿನ ಬೆಳಿಗ್ಗೆ ಹೆಚ್ಚಾಗಿದ್ದರೆ ದಿಂಬು ವಾಪಸ್ ಬರಬೇಕು.

ಕೊನೆಯ ದಿಂಬು ಹೋದ ಕೆಲವು ದಿನಗಳ ನಂತರ ಬಂದು, "ಮೇಡಂ, ನೀವು ನನ್ನಿಂದ ಬಸ್ಕಿ ಹೊಡೆಸುತ್ತಿದ್ದೀರಿ ಅಲ್ಲವೇ?" ಎಂದರು. ಹೌದು ಎಂದೆ. ಇಬ್ಬರೂ ನಕ್ಕೆವು. ಆ ದಿನ ಕ್ಲಿನಿಕ್ಕಿನಲ್ಲಿ ಕುರ್ಚಿಯಿಲ್ಲದೆಯೇ ಐದಾರು ಮಾಡಿ ತೋರಿಸಿದರು.

ಹತ್ತು ಸಾವಿರದ ಗೋಳು, ದಸರಾದ ಬಿಡುವು

ಅಮ್ಮ ನಡೆಯುತ್ತಿದ್ದಾರೆ ಎಂಬ ಸಂತೋಷಕ್ಕೆ ಮಗ ಮೊಬೈಲಿನಲ್ಲಿ ಹೆಜ್ಜೆ ಎಣಿಸುವ ಆ್ಯಪ್ ಹಾಕಿಕೊಟ್ಟ. ಗುರಿ 10,000. ಅವರದು 4,500ರ ಸುತ್ತ ನಿಲ್ಲುತ್ತಿತ್ತು. ಪ್ರತಿ ರಾತ್ರಿ ಪರದೆಯ ಮೇಲೆ ಅನುತ್ತೀರ್ಣದ ಫಲಿತಾಂಶ. ಒಂದು ವಾರದಲ್ಲಿ ಮುಖ ಬಾಡಿತು. ಶಾಲೆಯ ಮೈದಾನ ಜೇಬಿನಲ್ಲೇ ಬಂದು ಕುಳಿತಂತಾಯಿತು ಎಂದು ನನಗನ್ನಿಸಿತು. ಆ ಹತ್ತು ಸಾವಿರದ ಮೂಲವನ್ನು ಅವರಿಗೆ ಹೇಳಿದೆ: 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರಿನಲ್ಲೇ ಆ ಸಂಖ್ಯೆಯಿತ್ತು, ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿತು. ವೈದ್ಯರು ಅಳೆದು ನಿಗದಿ ಮಾಡಿದ್ದಲ್ಲ. 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಸರಾಸರಿ 72 ವರ್ಷದ ಹದಿನಾರು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಗಮನಿಸಿತ್ತು. ದಿನಕ್ಕೆ ಸುಮಾರು 2,700 ಹೆಜ್ಜೆ ಹಾಕುವವರಿಗಿಂತ 4,400 ಹಾಕುವವರಲ್ಲಿ ಸಾವಿನ ಪ್ರಮಾಣ ಶೇ 41ರಷ್ಟು ಕಡಿಮೆಯಿತ್ತು. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಅವರ ವಯಸ್ಸಿಗೆ ಆ ಅಂಕಿಗಳು ಹಾಗೆಹಾಗೇ ಅನ್ವಯಿಸುವುದಿಲ್ಲ, ಅದನ್ನೂ ಹೇಳಿದೆ. ಮೊದಲ ಕೆಲವು ಸಾವಿರ ಹೆಜ್ಜೆಗಳೇ ಹೆಚ್ಚು ಬೆಲೆಯವು ಎಂಬುದು ಮಾತ್ರ ಅವರಿಗೆ ಮುಟ್ಟಿತು. ಆ್ಯಪ್ ತೆಗೆಸಿದೆವು.

ಆಮೇಲೆ ದಸರಾ. ಗೊಂಬೆ ಕೂರಿಸುವ ಮನೆ, ನೆಂಟರು, ಜಂಬೂಸವಾರಿ ನೋಡಲು ಬಂದ ಅಕ್ಕನ ಸಂಸಾರವೂ ಅಲ್ಲೇ. ಅಕ್ಕ ಎದುರಿಗೇ ಇದ್ದ ಮೇಲೆ ಫೋನ್ ಏಕೆ? ನಡಿಗೆ ನಿಂತಿತು, ನೆಂಟರು ಹೋದ ಮೇಲೂ ಶುರುವಾಗಲಿಲ್ಲ. ಇಂಥ ಬಿಡುವಿನ ಬಗ್ಗೆ ನನಗೆ ಮೊದಲೇ ಭಯವಿತ್ತು. ಇಷ್ಟವಾದ ಧ್ವನಿಪುಸ್ತಕವನ್ನು ಜಿಮ್‌ನಲ್ಲಿ ಮಾತ್ರ ಕೇಳಲು ಬಿಟ್ಟು ನಡೆಸಿದ ಅಮೆರಿಕದ ಪ್ರಯೋಗವೊಂದು 2014ರಲ್ಲಿ ಪ್ರಕಟವಾಯಿತು. ಆರಂಭದಲ್ಲಿ ಜಿಮ್‌ಗೆ ಬರುವುದು ಶೇ 51ರಷ್ಟು ಹೆಚ್ಚಿದರೂ, ನವೆಂಬರಿನ ಹಬ್ಬದ ರಜೆಯ ನಂತರ ಆ ಪರಿಣಾಮ ಕರಗಿಹೋಗಿತ್ತು. ಅಲ್ಲಿಯ ಹಬ್ಬ, ಇಲ್ಲಿಯ ಹಬ್ಬ, ಫಲ ಒಂದೇ. ಅವರು ಬಂದು "ನೋಡಿದಿರಾ, ನಾನು ಹೇಳಲಿಲ್ಲವೇ" ಎಂಬ ಮುಖ ಮಾಡಿಕೊಂಡು ಕುಳಿತರು.

ಲಂಡನ್ನಿನಲ್ಲಿ 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಆಗ ಮುಂದಿಟ್ಟೆ. ಹೊಸ ಕೆಲಸವೊಂದು ತಾನಾಗಿ ನಡೆಯುವ ರೂಢಿಯಾಗಲು ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕೆಂಬ ಅಂದಾಜು ಬಂದಿತ್ತು; ಮಧ್ಯದ ಲೆಕ್ಕ 66. ನಡುವೆ ಒಂದು ದಿನ ತಪ್ಪಿದರೆ ರೂಢಿ ಮುರಿಯುವುದಿಲ್ಲ ಎಂಬುದೂ ಅದರಲ್ಲಿತ್ತು. ಇವರದು ಒಂದು ದಿನವಲ್ಲ, ಮೂರು ವಾರ. ಆದ್ದರಿಂದ ಬಿಟ್ಟಲ್ಲಿಂದ ಮುಂದುವರಿಸಿ ಎನ್ನದೆ ಮೊದಲ ವಾರದ ಹತ್ತು ನಿಮಿಷಕ್ಕೆ ಹಿಂತಿರುಗಿಸಿದೆ. ಸಂಕ್ರಾಂತಿಗೂ ಯುಗಾದಿಗೂ ಹೀಗೇ ಬಿಡುವು ಬಂತು. ಪ್ರತಿ ಬಾರಿಯೂ ಅವರು ನನ್ನನ್ನು ಕೇಳದೆ ಹತ್ತು ನಿಮಿಷದಿಂದ ಶುರು ಮಾಡಿದರು. ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟ ಸಂಗತಿ ಇದು.

ಒಂದು ವರ್ಷದ ನಂತರ

ಎಚ್‌ಬಿಎ1ಸಿ 5.8ಕ್ಕೆ ಇಳಿದಿದೆ. ಇನ್ನೂ ಹೊಸ್ತಿಲ ಮೇಲೇ ಇದ್ದಾರೆ, ಆದರೆ ಹೊರಗಿನ ಅಂಚಿನಲ್ಲಿ. ಇದೆಲ್ಲ ನಡಿಗೆಯಿಂದಲೇ ಆಯಿತು ಎನ್ನಲಾರೆ. ಈ ನಡುವೆ ಸಂಜೆಯ ಚಹಾದ ಸಕ್ಕರೆಯನ್ನೂ ರಾತ್ರಿಯ ಎರಡನೆಯ ಸಲದ ಅನ್ನವನ್ನೂ ಬಿಟ್ಟಿದ್ದಾರೆ. ಸೊಂಟದ ಸುತ್ತಳತೆ ನಾಲ್ಕು ಸೆಂಟಿಮೀಟರ್ ತಗ್ಗಿದೆ. ಕಚೇರಿಯ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿಯುವುದಿಲ್ಲ.

ತೂಕ ಇಳಿದದ್ದು ಎರಡೇ ಕಿಲೋ. ಮನೆಯವರಿಗೂ ಸಹೋದ್ಯೋಗಿಗಳಿಗೂ ಕಾಣುವುದು ಅದೊಂದೇ. "ವರ್ಷವಿಡೀ ನಡೆದು ಇಷ್ಟೇನಾ?" ಎಂದು ಕೇಳಿದವರಿದ್ದಾರೆ. ಅವರಿಗಾಗಿ ಚೆನ್ನೈನ ಸಂಶೋಧಕರ ಕೆಲಸವೊಂದನ್ನು ಇಲ್ಲಿ ಹೇಳಬೇಕು. ಭಾರತೀಯ ಮಧುಮೇಹ ತಡೆ ಕಾರ್ಯಕ್ರಮ ಎಂಬ ಹೆಸರಿನಲ್ಲಿ, ಹೊಸ್ತಿಲಲ್ಲಿದ್ದ 531 ಜನರನ್ನು ಗುಂಪುಗಳಾಗಿ ವಿಂಗಡಿಸಿ ಅವರು ಅಧ್ಯಯನ ನಡೆಸಿದರು. ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಊಟ ಮತ್ತು ನಡಿಗೆಯಲ್ಲಿ ಬದಲಾವಣೆ ಮಾಡಿಕೊಂಡ ಗುಂಪಿನಲ್ಲಿ ಮಧುಮೇಹಕ್ಕೆ ತಿರುಗುವ ಅಪಾಯ ಶೇ 28.5ರಷ್ಟು ಕಡಿಮೆಯಾಯಿತು. ಅವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಇರಲಿಲ್ಲ. ನಮ್ಮ ಜನರ ಮೇಲೆಯೇ ನಡೆದ ಈ ಅಧ್ಯಯನ ಇಷ್ಟು ವರ್ಷಗಳ ನಂತರವೂ ಮನೆಮನೆಯ ತೂಕದ ಯಂತ್ರದ ಮುಂದೆ ಸೋಲುತ್ತಿದೆ, ಅದು ನನಗೆ ಬೇಸರದ ಸಂಗತಿ.

ವ್ಯಾಯಾಮ ಈಗ ಇಷ್ಟವಾಗುತ್ತದೆಯೇ ಎಂದು ಕಳೆದ ಭೇಟಿಯಲ್ಲಿ ಕೇಳಿದೆ. ಇಲ್ಲ ಎಂದರು, ಸ್ವಲ್ಪವೂ ಮುಚ್ಚಿಡದೆ. ತಾರಸಿಗೆ ಹೋಗುವುದು ಅಕ್ಕನ ಜೊತೆ ಮಾತಾಡಲು. ಕುರ್ಚಿಯ ಕೆಲಸ ಬೇಳೆ ಬೇಯುವವರೆಗೆ. ಅವರ ಮನಸ್ಸಿನಲ್ಲಿ ಇವೆರಡಕ್ಕೂ ವ್ಯಾಯಾಮವೆಂಬ ಹಣೆಪಟ್ಟಿ ಇನ್ನೂ ಬಿದ್ದಿಲ್ಲ. ಬೀಳಿಸುವ ಉದ್ದೇಶ ನನಗೂ ಇಲ್ಲ.

ಬಾಕಿ ಉಳಿದದ್ದು ಬೆನ್ನು ಮತ್ತು ಭುಜ. ತಳ್ಳುವ ಕೆಲಸಕ್ಕೆ ಅಡುಗೆ ಕಟ್ಟೆಯಿದೆ, ಎಳೆಯುವ ಕೆಲಸಕ್ಕೆ ಮನೆಯಲ್ಲಿ ಏನೂ ಸಿಕ್ಕಿಲ್ಲ. ರಬ್ಬರ್ ಪಟ್ಟಿ ಕೊಟ್ಟೆ. ಆಸ್ಪತ್ರೆಯ ನೆನಪಾಗುತ್ತದೆ ಎಂದು ಬೀರುವಿನಲ್ಲಿ ಇಟ್ಟಿದ್ದಾರೆ. ಐದು ಕಿಲೋ ರಾಗಿ ಹಿಟ್ಟಿನ ಚೀಲಕ್ಕೆ ಗಟ್ಟಿ ಹಿಡಿಯಿರುವುದನ್ನು ಮೊನ್ನೆ ಅವರೇ ಗಮನಿಸಿದರು. ಒಂದು ಕೈ ಕಟ್ಟೆಗೆ ಊರಿ ಬಾಗಿ, ಇನ್ನೊಂದು ಕೈಯಲ್ಲಿ ಆ ಚೀಲವನ್ನು ಪಕ್ಕೆಯವರೆಗೆ ಎಳೆಯುವುದನ್ನು ಈ ವಾರ ತೋರಿಸಿಕೊಡುತ್ತಿದ್ದೇನೆ. ಮೊದಲು ಚೀಲದಲ್ಲಿ ಎರಡು ಕಿಲೋ ಮಾತ್ರ.